ಕೀಳದೆ ಬಿಟ್ಟ ಗಾಜು

"ಎರಡು ಬೂಟೂ ಬಿಚ್ಚಿದ್ದಾರಲ್ಲ ಮೇಡಂ, ಗಾಯ ಆಗಿರೋದು ಒಂದೇ ಕಾಲಿಗೆ!"

ಪೇದೆ ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೂಟುಗಳನ್ನೇ ದಿಟ್ಟಿಸುತ್ತಿದ್ದ. ಬಾಯಿಗೆ ಬಿಡುವು ಕೊಟ್ಟು ಗೊತ್ತಿಲ್ಲದ ಅವನನ್ನು ಠಾಣೆಯಲ್ಲಿ ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು.

"ನಂಗನ್ಸತ್ತೆ, ಚುಚ್ಚಿದವನಿಗೆ ಬೂಟಿನ ಮೇಲೆ ಕಣ್ಣಿತ್ತು. ಬಿಚ್ಚಿ ಹಾಕ್ಕೊಂಡು ನೋಡಿದಾನೆ, ಅಳತೆ ಹೊಂದಿಲ್ಲ. ನೀಟಾಗಿ ಜೋಡಿಸಿಟ್ಟು ಹೋಗಿದಾನೆ. ಮರ್ಯಾದಸ್ಥ ಕಳ್ಳ."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳಿಗೆ ಆ ಬೂಟುಗಳ ಹತ್ತಿರ ಹೋಗಲೇ ಆಗುತ್ತಿರಲಿಲ್ಲ.

ಆ ದಿನ ಬೆಳಗ್ಗೆ, ಪಾಳಿ ಶುರುವಾಗುವ ಮುನ್ನ, ಗಾಜಿನ ಕಾರ್ಖಾನೆಯ ಹಿರಿಯ ಊದುಗಾರ ಕುಲುಮೆಯ ಮುಂದೆ ಬಿದ್ದಿದ್ದ. ತೊಡೆಯಲ್ಲಿ ಅಂಗೈಯಗಲದ ಗಾಜಿನ ಚೂರು ನೆಟ್ಟಿತ್ತು. ಪಾಳಿಗೆ ಬಂದವರು ಕಂಡು ಆಸ್ಪತ್ರೆಗೆ ಸಾಗಿಸಿದ್ದರು. ಈಗ ಎಚ್ಚರವಿರಲಿಲ್ಲ, ಆದರೆ ಬದುಕಿದ್ದ. ಚುಚ್ಚಿದವರು ಯಾರೆಂದು ಗೊತ್ತಿರಲಿಲ್ಲ. ಉಳಿಸಿದವರು ಯಾರೆಂದೂ ಗೊತ್ತಿರಲಿಲ್ಲ.

ಉಳಿಸಿದವರಿದ್ದರು, ಅದರಲ್ಲಿ ಸಂಶಯವಿಲ್ಲ. ಆಸ್ಪತ್ರೆಯ ಡಾಕ್ಟರೇ ಹೇಳಿದ್ದರು. "ಆ ಚೂರು ಬಾಟಲಿಯ ಬಿರಡೆ ಇದ್ದ ಹಾಗೆ ಕೂತಿತ್ತು. ಯಾರಾದ್ರೂ ಕಿತ್ತಿದ್ರೆ ಇಲ್ಲಿಗೆ ಬರ್ತಿದ್ದದ್ದು ಹೆಣ. ಯಾರೋ ಗೊತ್ತಿರೋರು ಕೀಳದೆ ಬಿಟ್ಟು, ಸುತ್ತ ಕಟ್ಟಿದಾರೆ."

"ನಮ್ಮೋರಲ್ಲ ಬಿಡಿ," ಎಂದ ಕಾರ್ಖಾನೆಯ ಮೇಲ್ವಿಚಾರಕ. ಜೇಬಿನಿಂದ ಪುಟ್ಟ ಚಿಮಟ ತೆಗೆದು ತೋರಿಸಿದ. "ಇದಿಲ್ದೆ ಇಲ್ಲಿ ಯಾರೂ ಕೆಲಸಕ್ಕೆ ಬರಲ್ಲ. ಚೂರು ಹೊಕ್ಕಿತಾ, ಕಿತ್ತೆವಾ, ಕೆಲಸ ಮುಂದುವರಿಸಿದೆವಾ. ಮೈಯಲ್ಲಿ ಗಾಜು ಕಂಡ್ರೆ ನಮ್ಮ ಕೈ ಸುಮ್ನಿರಲ್ಲ ಮೇಡಂ. ನಾನೇ ಮೊದಲು ನೋಡಿದ್ರೆ ನಾನೇ ಕಿತ್ತು, ನಾನೇ ಅವನನ್ನ ಕೊಂದಿರ್ತಿದ್ದೆ."

"ಸುಟ್ಟರೆ?"

"ಸುಟ್ಟರೆ ಮೇಣ." ಊದುಗಾರರು ಕೂತು ಕೆಲಸ ಮಾಡುವ ಪ್ರತಿ ಪೀಠದ ಪಕ್ಕದಲ್ಲೂ ಜೇನುಮೇಣದ ಉಂಡೆಯೊಂದು ತೂಗುತ್ತಿತ್ತು. ಬಿಸಿ ಗಾಜು ಅಂಟದಿರಲೆಂದು ಉಪಕರಣಗಳಿಗೆ ಉಜ್ಜುವ ಮೇಣ. "ಅಪ್ಪನ ಕಾಲದಿಂದ ಹಚ್ಕೊಂಡು ಬಂದಿದೀವಿ."

"ಮೇಣ ಹಚ್ಚಿದ್ರೆ ಬಿಸಿ ಒಳಗೇ ಉಳಿಯತ್ತೆ ಅಂತ ಯಾರೂ ಹೇಳ್ಲಿಲ್ವಾ? ಮೊದಲು ತಣ್ಣೀರು ಹಾಯಿಸ್ಬೇಕು."

"ಹೇಳಿದ್ರು, ಹೇಳಿದ್ರು. ಆರೋಗ್ಯ ಇಲಾಖೆಯೋರು ಚಿತ್ರಾನೂ ಅಂಟಿಸಿ ಹೋದ್ರು. ನೋಡಿ, ಅಲ್ಲಿದೆ. ಅದರ ಹಿಂದೆ ಈಗ ಹಲ್ಲಿ ಸಂಸಾರ ಹೂಡಿದೆ."

ರೇಡಿಯೊ ಗಟ್ಟಿಯಾಗಿ ನಕ್ಕ. ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ತಿರುಗಿ, ಆಸ್ಪತ್ರೆಯವರು ಕಳಿಸಿದ್ದ ಫೋಟೊವನ್ನು ಮೊಬೈಲಿನಲ್ಲಿ ಮತ್ತೆ ತೆರೆದಳು.

ಚೂರಿನ ಆ ಕಡೆ ಒಂದು, ಈ ಕಡೆ ಒಂದು, ಸುರುಳಿ ಸುತ್ತಿದ ಕಾಲುಚೀಲ. ಗಾಯಗೊಂಡವನದೇ ಕಾಲುಚೀಲಗಳು. ಅವುಗಳ ಮೇಲೆ ಹರಿದ ಬಟ್ಟೆಯ ಪಟ್ಟಿ, ಗಾಜನ್ನು ಎಲ್ಲೂ ಒತ್ತದೆ, ಅಡ್ಡಡ್ಡ ಹಾಯ್ದು ಹೋಗಿತ್ತು.

ಗೋಡೆ ಕಟ್ಟು, ಚಾವಣಿ ಹಾಕಬೇಡ.

ಎಷ್ಟು ಸಲ ಕೇಳಿದ್ದಳು ಆ ಮಾತನ್ನು! ಅವಳ ಗಂಡ ಆಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಊಟದ ಮೇಜಿನ ಮೇಲೆ ಅವಳನ್ನು ಮಲಗಿಸಿ, ತೊಡೆಯ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ, "ಇದು ಚಾಕು. ಅಲ್ಲಾಡ್ಬೇಡ, ನೀನೀಗ ಸಾಯ್ತಾ ಇದೀಯ" ಎನ್ನುತ್ತಿದ್ದ. ಅವಳಿಗೆ ನಗು ತಡೆಯುತ್ತಿರಲಿಲ್ಲ. ಪೆನ್ಸಿಲ್ ಉರುಳಿ ಬೀಳುತ್ತಿತ್ತು. "ನಗೋ ರೋಗೀನ ನಾನು ಮುಟ್ಟಲ್ಲ," ಎಂದು ಮುನಿಸು ನಟಿಸಿ, ಮತ್ತೆ ಪೆನ್ಸಿಲ್ ನಿಲ್ಲಿಸುತ್ತಿದ್ದ. ಕಾಲುಚೀಲ ಸುತ್ತಿ ಅಕ್ಕಪಕ್ಕ ಇಟ್ಟು, ಪಟ್ಟಿ ಎಳೆದು, ಕೊನೆಗೆ ಎರಡು ಪಾದಗಳನ್ನೂ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದ. ಪಟ್ಟಿ ತೀರ ಬಿಗಿಯಾಗಿದ್ದರೆ ಆ ಕಾಲಿನ ಪಾದ ತಣ್ಣಗಾಗುತ್ತದಂತೆ. "ಒಂದನ್ನೇ ಮುಟ್ಟಿದ್ರೆ ತಣ್ಣಗಿದೆಯೋ ಬೆಚ್ಚಗಿದೆಯೋ ಹೇಗೆ ಗೊತ್ತಾಗತ್ತೆ? ಇನ್ನೊಂದನ್ನೂ ಕೇಳ್ಬೇಕು." ಅವನ ಜೊತೆಯವರೆಲ್ಲ ಗಾಯವಾದ ಕಾಲಿನ ಬೂಟನ್ನಷ್ಟೇ ಬಿಚ್ಚುತ್ತಿದ್ದರು. ಎರಡನ್ನೂ ಬಿಚ್ಚುತ್ತಾನೆಂದು ಅವನನ್ನು ಛೇಡಿಸುತ್ತಿದ್ದರು ಕೂಡ.

ಆ ಅಂಗೈಗಳ ಬಿಸಿ ಈಗಲೂ ಪಾದಗಳಿಗೆ ನೆನಪಿತ್ತು. ಮೂರು ವರ್ಷದ ಹಿಂದೆ ಕೆಲಸಕ್ಕೆಂದು ಹೊರಟವನು ವಾಪಸು ಬಂದಿರಲಿಲ್ಲ. ಜಗಳವಾಗಿರಲಿಲ್ಲ. ಕಾರಣ ಹೇಳಿರಲಿಲ್ಲ. ಊರಿನ ಕಳೆದುಹೋದವರನ್ನೆಲ್ಲ ಹುಡುಕಿಕೊಟ್ಟವಳಿಗೆ ಅವನೊಬ್ಬನ ಸುಳಿವು ಸಿಕ್ಕಿರಲಿಲ್ಲ. ಅವನು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಒಂದು ಬಗೆಯ ಮೌನ. ಮೊದಮೊದಲು ಅದು ಅವನು ಬರುವುದನ್ನು ಕಾಯುತ್ತಿತ್ತು. ಆಮೇಲೆ ಅದೂ ಮರೆಯಿತು, ಬರೀ ಮೌನವಾಗಿ ಉಳಿಯಿತು.

ಅವನು ಇವತ್ತು ಬೆಳಗ್ಗೆ ಇಲ್ಲಿದ್ದ. ಈ ಕೋಣೆಯಲ್ಲಿ. ಈ ಕುಲುಮೆಯ ಮುಂದೆ.

ಬಾಯಿಬಿಟ್ಟರೆ ತನಿಖೆ ಬೇರೆಯವರ ಕೈಗೆ ಹೋಗುತ್ತದೆ. ಅವರು ಹುಡುಕುವುದು ಉಳಿಸಿದವನನ್ನಲ್ಲ, ಜಾಗದಿಂದ ಓಡಿಹೋದ ಆರೋಪಿಯನ್ನು. ಬಾಯಿಬಿಡದಿದ್ದರೆ ತಾನು ತೊಟ್ಟ ಈ ಅಂಗಿಗೆ ಅರ್ಥವಿಲ್ಲ.

"ಮೇಡಂ, ಏನಾದ್ರೂ ಹೊಳೀತಾ?"

"ಇಲ್ಲ," ಎಂದಳು.

ಒಂದೇ ಒಂದು ಸಂಗತಿ ಮಾತ್ರ ಅವನದಾಗಿರಲಿಲ್ಲ. ಗಂಟು. ಅವನು ಹಾಕುತ್ತಿದ್ದ ಗಂಟು ಚಪ್ಪಟೆಯಾಗಿ, ಗಾಯದಿಂದ ದೂರ, ತುದಿಗಳನ್ನು ಒಳಗೆ ಸಿಕ್ಕಿಸಿ ಅಚ್ಚುಕಟ್ಟಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ಗಂಟು ಬಿಚ್ಚದೆ ಪಕ್ಕದಿಂದ ಕತ್ತರಿಸಿ ಕೊಟ್ಟ ಪಟ್ಟಿ ಅವಳ ಚೀಲದಲ್ಲಿತ್ತು. ಅದರಲ್ಲಿದ್ದದ್ದು ಎರಡು ಸುತ್ತು ತಿರುಚಿ, ಕುಣಿಕೆ ಎಳೆದು ಬಿಗಿದ, ಉಬ್ಬಿದ ಗಂಟು. ಜಾಗ ಸರಿಯಿತ್ತು. ಕೈ ಬೇರೆಯದಾಗಿತ್ತು.

ಬಾಗಿಲ ಬಳಿ ಸಾಗಣೆಗೆ ತಯಾರಾದ ಪೆಟ್ಟಿಗೆಗಳು ಒಂದರ ಮೇಲೊಂದು ನಿಂತಿದ್ದವು. ಪ್ರತಿಯೊಂದರ ಹುರಿಯ ಮೇಲೂ ಎರಡು ಸುತ್ತು, ಒಂದು ಕುಣಿಕೆ.

"ಇವನ್ನ ಕಟ್ಟೋದು ಯಾರು?" ಎಂದು ಮೇಲ್ವಿಚಾರಕನನ್ನು ಕೇಳಿದಳು.

"ನಮ್ಮ ಹುಲ್ಲಕ್ಕ. ಗಾಜಿಗೆ ಹುಲ್ಲು ಸುತ್ತೋಳು. ಆ ಗಂಟು ಅವಳಿಗೆ ಬಿಟ್ರೆ ಯಾರಿಗೂ ಬರಲ್ಲ. ಬಿಚ್ಚಕ್ಕೂ ಬರಲ್ಲ." ಸ್ವಲ್ಪ ತಡೆದು ಸೇರಿಸಿದ. "ಊದುಗಾರನ ಸ್ವಂತ ಅಕ್ಕ."

*

ಕಟ್ಟುವ ಕೊಟ್ಟಿಗೆಯಲ್ಲಿ ಒಣಹುಲ್ಲಿನ ವಾಸನೆ. ಮೊಣಕಾಲೆತ್ತರದ ಹುಲ್ಲಿನ ನಡುವೆ, ಉದ್ದನೆಯ ಹಲಗೆಯ ಹಿಂದೆ, ಐವತ್ತು ದಾಟಿದ ಹೆಂಗಸೊಬ್ಬಳು ಬಲಗೈಯೊಂದರಲ್ಲೇ ಹೂಜಿಗೆ ಹುಲ್ಲು ಸುತ್ತುತ್ತಿದ್ದಳು. ಎಡಗೈ ಮಡಿಲಿನ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು.

"ರೇಡಿಯೊ, ಹೋಗಿ ಚಹಾ ಕುಡಿದು ಬಾ."

"ಈಗಷ್ಟೇ ಕುಡಿದೆ ಮೇಡಂ."

"ಇನ್ನೊಂದು ಕುಡಿ."

ಅವನು ಹೋದ. ಹುಲ್ಲಕ್ಕ ತಲೆಯೆತ್ತಲಿಲ್ಲ.

"ತಮ್ಮ ಆಸ್ಪತ್ರೇಲಿ, ಅಕ್ಕ ಕೆಲಸದಲ್ಲಿ. ಅದನ್ನ ಕೇಳಕ್ಕೆ ಬಂದ್ರಾ? ಅಲ್ಲಿ ಒಳಗೆ ಬಿಡಲ್ಲ. ಹೊರಗೆ ಬೆಂಚಿನ ಮೇಲೆ ಕೂತ್ರೆ ತಲೆ ಕೆಡತ್ತೆ. ಇಲ್ಲಿ ಕೈಗೆ ಕೆಲಸನಾದ್ರೂ ಇದೆ."

"ಒಂದೇ ಕೈಗಲ್ವಾ ಅಕ್ಕ ಕೆಲಸ ಇರೋದು?"

ಹುಲ್ಲು ಸುತ್ತುತ್ತಿದ್ದ ಬೆರಳು ನಿಂತವು.

"ಊದೋ ಕೊಳವೆ ತಾಗ್ತು. ಇಲ್ಲಿ ದಿನಾ ಇರೋದೇ."

"ತೋರ್ಸಿ."

"ನೀವು ಪೊಲೀಸ್ರಾ, ಡಾಕ್ಟ್ರಾ?"

"ಮನೇಲಿ ಒಂಚೂರು ಕಲಿತಿದೀನಿ."

ಹುಲ್ಲಕ್ಕ ಕೈ ಮೇಲೆತ್ತಿದಳು. ತೊಳೆದ ಬಿಳಿ ಬಟ್ಟೆ, ಸಡಿಲವಾಗಿ ಹೊದಿಸಿದ್ದು. ಇನ್‌ಸ್ಪೆಕ್ಟರ್ ಅದರ ಅಂಚನ್ನು ಸರಿಸಿದಳು. ಮಣಿಕಟ್ಟಿನ ಮೇಲಿಂದ ಬೆರಳಿನ ತನಕ ಚರ್ಮ ಕೆಂಪಾಗಿ, ನೀರುಗುಳ್ಳೆಗಳು ಉಬ್ಬಿ ನಿಂತಿದ್ದವು. ಒಂದನ್ನೂ ಒಡೆದಿರಲಿಲ್ಲ.

"ಬಿಸಿ ಕಬ್ಬಿಣ ತಾಗಿದ್ರೆ ಬರೆ ಎಳೆದ ಹಾಗೆ ಒಂದು ಕಡೆ ಸುಡತ್ತೆ. ಇದು ಮೇಲಿಂದ ಕೆಳಗೆ ಹರಿದಿದೆ. ಇದು ಬಿಸಿನೀರು ಅಕ್ಕ."

ಹುಲ್ಲಕ್ಕ ಬಟ್ಟೆಯ ಅಂಚನ್ನು ಮತ್ತೆ ಎಳೆದುಕೊಂಡಳು.

"ಈ ಕಾರ್ಖಾನೇಲಿ ಸುಟ್ಟ ಕೈಗೆಲ್ಲ ಮೇಣ ಹಚ್ತಾರೆ. ನೀವು ಹಚ್ಚಿಲ್ಲ. ಉಂಗುರದ ಬೆರಳು ಊದಿದೆ, ಆದ್ರೆ ಉಂಗುರ ಇಲ್ಲ. ಊದೋ ಮುಂಚೆನೇ ತೆಗೆದಿದೀರ. ಅಷ್ಟು ಉರೀಲಿ ಅದು ನಿಮಗೆ ತಾನಾಗಿ ಹೊಳೀತಾ?"

ಇನ್‌ಸ್ಪೆಕ್ಟರ್ ಚೀಲದಿಂದ ಕತ್ತರಿಸಿದ ಪಟ್ಟಿಯನ್ನು ತೆಗೆದು, ಹಲಗೆಯ ಮೇಲೆ, ಪೆಟ್ಟಿಗೆಯ ಹುರಿಯ ಪಕ್ಕದಲ್ಲಿಟ್ಟಳು. ಎರಡು ಗಂಟುಗಳು ಒಡಹುಟ್ಟಿದವರ ಹಾಗೆ ಒಂದನ್ನೊಂದು ನೋಡಿಕೊಂಡು ಕೂತವು.

ಹುಲ್ಲಕ್ಕ ಗಂಟುಗಳನ್ನು ನೋಡಿದಳು. ಆಮೇಲೆ ಮಡಿಲ ಹುಲ್ಲನ್ನೆಲ್ಲ ಒಮ್ಮೆಲೇ ಕೆಳಗೆ ಕೊಡವಿದಳು.

"ನಾನು ಬರೋ ಹೊತ್ತಿಗೆ ಆಗಿಹೋಗಿತ್ತು ತಾಯಿ. ತಮ್ಮ ಬಿದ್ದಿದ್ದ. ಒಲೆ ಮೇಲಿನ ನೀರಿನ ಪಾತ್ರೆಗೆ ಢಿಕ್ಕಿ ಹೊಡೆದು ಕೈ ಮೇಲೆ ಸುರ್ಕೊಂಡೆ, ಉರಿ ಗೊತ್ತಾಗ್ಲಿಲ್ಲ. ಓಡಿ ಹೋಗಿ ಚಿಮಟ ತೆಗೆದೆ, ಗಾಜು ಹಿಡಿದೆ, ಇನ್ನೇನು ಕೀಳ್ಬೇಕು. 'ಕೀಳ್ಬೇಡ' ಅಂತು ಒಂದು ದನಿ."

"ಯಾರು?"

"ಗೊತ್ತಿಲ್ಲ. ಕುಲುಮೆ ಪಕ್ಕ ಗೋಡೆಗೆ ಒರಗಿ ಕೂತಿದ್ದ. ಇಲ್ಲಿಯೋನಲ್ಲ. ತೆಳ್ಳಗಿದ್ದ, ಗಡ್ಡ ಬಿಟ್ಟಿದ್ದ. ದನಿ ಮಾತ್ರ ಮೆತ್ತಗೆ. ನಾನು ಅರಚ್ತಿದ್ರೆ, ಮಗುಗೆ ಹೇಳೋ ಹಾಗೆ ಹೇಳ್ದ. ಬೂಟು ಬಿಚ್ಚು. ಇನ್ನೊಂದೂ ಬಿಚ್ಚು. ಕಾಲುಚೀಲ ಸುರುಳಿ ಸುತ್ತು. ಗಾಜಿನ ಪಕ್ಕ ಗಟ್ಟಿಯಾಗಿ ಒತ್ತಿ ಹಿಡಿ, ಮೇಲೆ ಒತ್ಬೇಡ. ಬಟ್ಟೆ ಹರಿದು ಕಟ್ಟು. ಪಾದ ಮುಟ್ಟಿ ನೋಡು, ಎರಡೂ ಒಂದೇ ಥರ ಬೆಚ್ಚಗಿದೆಯಾ? ಇದೆ ಅಂದೆ. ಹಾಗಾದ್ರೆ ಅವನ ಮೇಲೆ ನಿನ್ನ ಶಾಲು ಹೊದಿಸು ಅಂದ."

ಇನ್‌ಸ್ಪೆಕ್ಟರ್ ಕೇಳಬಾರದ ಪ್ರಶ್ನೆ ಕೇಳಿದಳು. "ನಕ್ಕನಾ?"

"ನಗೋ ಹೊತ್ತಾ ಅದು?" ಎಂದವಳು, ಯೋಚಿಸಿದಳು. "ಒಂದ್ಸಲ ನಕ್ಕ. ನನ್ನ ಗಂಟು ನೋಡಿ. 'ಪೊಟ್ಟಣ ಕಟ್ಟಿದ ಹಾಗಿದೆ, ಪರವಾಗಿಲ್ಲ, ಒಡೀದೆ ತಲುಪಲಿ' ಅಂದ."

ಅವನೇ. ಮೂರು ವರ್ಷದಲ್ಲಿ ಅವನದೆಂದು ಕಿವಿಗೆ ಬಿದ್ದ ಮೊದಲ ಮಾತು ಇದು, ಅದೂ ಬೇರೊಬ್ಬಳ ಬಾಯಿಂದ. ಇನ್‌ಸ್ಪೆಕ್ಟರ್ ಹಲಗೆಯ ಅಂಚನ್ನು ಹಿಡಿದುಕೊಂಡಳು.

"ಇದನ್ನ ಬೆಳಗ್ಗೆನೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಚುಚ್ಚಿದವನು ಅವನೇ ಇರ್ಬೋದು. ಆದ್ರೆ ಉಳಿಸಿದವನೂ ಅವನೇ ಅಲ್ವಾ? ಒಂದೇ ಬಾಯಲ್ಲಿ ಅವನನ್ನ ಹಿಡ್ಕೊಡಲಾ, ಅವನಿಗೆ ಕೈ ಮುಗೀಲಾ? ಯಾರಿಗೂ ಹೇಳ್ಬೇಡ ಅಂತ ಕೇಳ್ಕೊಂಡ. ಪಾಳಿಯೋರ ಸದ್ದು ಕೇಳಿದ್ದೇ ಈ ಕಡೆ ಬಂದು ಸುಮ್ನಾದೆ."

"ಬೇರೆ ಯಾರಾದ್ರೂ ಇದ್ರಾ?"

"ನನ್ನ ಕಣ್ಣಿಗೆ ಬಿದ್ದಿಲ್ಲ."

"ಅವನೇ ಯಾಕೆ ಕಟ್ಟಲಿಲ್ಲ ಅಕ್ಕ? ಅಷ್ಟು ಗೊತ್ತಿದ್ದವನು?"

"ಅದೇ ನಂಗೂ ಮೈ ಉರಿದುಹೋಯ್ತು!" ಹುಲ್ಲಕ್ಕನ ದನಿ ಏರಿತು. "ನನ್ನ ಕೈ ಬೆಂದಿದೆ, ತಮ್ಮ ಸಾಯ್ತಿದಾನೆ, ಇವನು ದೊರೆ ಥರ ಕೂತು ಬರೀ ಬಾಯಲ್ಲಿ ಹೇಳ್ತಿದಾನೆ. ಎರಡೂ ಕೈ ಕೋಟಿನೊಳಗೆ. ಎದ್ದು ಬರಕ್ಕಾಗಲ್ವಾ ಅಂತ ಬೈದೇಬಿಟ್ಟೆ. ಚಳಿ ಅಂದ. ಕುಲುಮೆ ಮುಂದೆ ಕೂತು ಚಳಿಯಂತೆ!"

ಕೊಟ್ಟಿಗೆಯಲ್ಲಿ ಸದ್ದು ನಿಂತಿತು. ಅಥವಾ ಇನ್‌ಸ್ಪೆಕ್ಟರಿಗೆ ಕೇಳಿಸುವುದು ನಿಂತಿತು.

"ಮುಖ ಹೇಗಿತ್ತು?"

"ಬಿಳಿಚ್ಕೊಂಡಿತ್ತು. ಚಳಿ ಅಂತಾನೆ, ಹಣೆ ತುಂಬಾ ಬೆವರು."

"ಉಸಿರು?"

"ಓಡಿ ಬಂದೋರ ಹಾಗೆ. ಸಣ್ಣ ಸಣ್ಣ ಉಸಿರು. ನಡುನಡುವೆ ಆಕಳಿಸ್ತಿದ್ದ, ನಿದ್ದೆಗೆಟ್ಟೋರ ಥರ."

"ನೀರು ಕೇಳಿದನಾ?"

"ಬಾಯಿ ಒಣಗಿದೆ ಅಂದ. ತಂದುಕೊಟ್ರೆ ಕುಡೀಲಿಲ್ಲ. ತುಟಿ ಒದ್ದೆ ಮಾಡ್ಕೊಂಡು ವಾಪಸ್ ಕೊಟ್ಟ. ಅಲ್ಲ, ಕೊಡಲೂ ಇಲ್ಲ. ನಾನೇ ಹಿಡಿದು ತುಟಿಗೆ ತಾಗಿಸ್ದೆ. ಕೈ ಹೊರಗೆ ತೆಗೀಲೇ ಇಲ್ವಲ್ಲ..."

ಹೇಳುತ್ತ ಹೇಳುತ್ತ ಹುಲ್ಲಕ್ಕನ ದನಿ ಇಳಿಯಿತು. ಅವಳ ಕಣ್ಣು ನಿಧಾನವಾಗಿ ಅಗಲವಾದವು.

"ಅಯ್ಯೋ," ಎಂದಳು. "ಅವನು ಏನನ್ನೋ ಒತ್ತಿ ಹಿಡ್ಕೊಂಡಿದ್ದ."

ಹೌದು. ಕೋಟಿನೊಳಗೆ ರಕ್ತ ಸೋರುತ್ತಿತ್ತು. ಎರಡೂ ಕೈ ತನ್ನ ಗಾಯದ ಮೇಲಿದ್ದವು, ಎತ್ತಿದರೆ ಹರಿಯುತ್ತಿತ್ತು. ಹಾಗಾಗಿ ಬಾಯಿಂದಲೇ ಇನ್ನೊಬ್ಬನನ್ನು ಉಳಿಸಿದ. ಆ ಬಿಳಿಚಿಕೆ, ಆ ತಣ್ಣನೆಯ ಬೆವರು, ಆ ದಾಹ, ಆ ಆಕಳಿಕೆ ಎಲ್ಲವನ್ನೂ ಅವನು ಊಟದ ಮೇಜಿನ ಮೇಲೆ ಅವಳಿಗೆ ಕಲಿಸಿದ್ದ. ಇವು ಕಂಡರೆ ಹೊತ್ತು ಕಳೆಯಬೇಡ ಎಂದಿದ್ದ. ಈಗ ಮಧ್ಯಾಹ್ನ ಇಳಿಯುತ್ತಿತ್ತು.

"ಎಲ್ಲಿಗೆ ಹೋದ?"

"ನೋಡ್ಲಿಲ್ಲ ತಾಯಿ! ನನ್ನ ಕೈ ನೋಡಿ, ಉಂಗುರ ತೆಗಿ, ನಲ್ಲಿ ಕೆಳಗೆ ಹಿಡಿ, ನಾನು ಸಾಕು ಅನ್ನೋವರೆಗೂ ತೆಗೀಬೇಡ ಅಂದ. ನಲ್ಲಿ ಆ ಕಡೆ ಮೂಲೇಲಿದೆ. ಬೆನ್ನು ಹಾಕಿ ನಿಂತೆ. ಎಷ್ಟು ಹೊತ್ತಾದ್ರೂ ಸಾಕು ಅನ್ಲೇ ಇಲ್ಲ. ತಿರುಗಿದ್ರೆ ಜಾಗ ಖಾಲಿ." ಅವಳು ಮೂಗೊರೆಸಿಕೊಂಡಳು. "ಆದ್ರೂ ನಾನು ಹಿಡ್ಕೊಂಡೇ ನಿಂತಿದ್ದೆ. ಸಾಕು ಅಂದಿರ್ಲಿಲ್ಲವಲ್ಲ."

"ಏನಾದ್ರೂ ಹೇಳಿದ್ನಾ? ನೆನಪು ಮಾಡ್ಕೊಳ್ಳಿ. ಎಲ್ಲಿಗಾದ್ರೂ ಹೋಗ್ತೀನಿ ಅಂತ?"

"ನಿನ್ನನ್ನ ಯಾರು ನೋಡ್ಕೋತಾರೆ ಅಂತ ಸಿಟ್ಟಲ್ಲೇ ಕೇಳಿದ್ದೆ. ಮನೆಗೆ ಹೋಗ್ತೀನಿ ಅಂದ. ಅಲ್ಲಿ ಒಬ್ಳಿದಾಳೆ, ನನಗಿಂತ ಚೆನ್ನಾಗಿ ಕಟ್ತಾಳೆ, ನಗದೆ ಇದ್ರೆ ಅಂದ."

ಇನ್‌ಸ್ಪೆಕ್ಟರ್ ಆಗಲೇ ಬಾಗಿಲಲ್ಲಿದ್ದಳು.

"ತಾಯೀ," ಎಂದು ಹಿಂದಿನಿಂದ ಹುಲ್ಲಕ್ಕ ಕೂಗಿದಳು. "ಅವನು ನಿಮಗೆ ಏನಾಗ್ಬೇಕು?"

ಅವಳು ಜೀಪಿನ ಕಡೆ ಓಡಿದಳು. ಮೂರು ವರ್ಷದಿಂದ ಆ ಪ್ರಶ್ನೆಗೆ ಅವಳ ಹತ್ತಿರ ಉತ್ತರವಿರಲಿಲ್ಲ.

*

"ನನ್ನ ಮನೆಗೆ. ಆಂಬುಲೆನ್ಸ್‌ಗೂ ಅದೇ ವಿಳಾಸ ಹೇಳು. ರಕ್ತ ಹೋಗಿರೋ ಕೇಸು ಅನ್ನು."

ರೇಡಿಯೊ ಅವಳ ಮುಖ ನೋಡಿದ. ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಒಂದೂ ಮಾತಾಡದೆ ಜೀಪು ಹತ್ತಿ ಫೋನು ಹಚ್ಚಿದ.

ಕಾರ್ಖಾನೆಯಿಂದ ಮನೆಗೆ ಊರಿನ ಉದ್ದಕ್ಕೂ ಹಾಯಬೇಕು. ಸಂಜೆಯ ವಾಹನಗಳು ಆಗಲೇ ರಸ್ತೆ ತುಂಬಿದ್ದವು. ಬೆಳಗ್ಗೆ ಅವಳು ಅದೇ ದಾರಿಯಲ್ಲಿ ಈ ಕಡೆ ಬಂದಿದ್ದಳು. ಅವನು ಆ ಕಡೆ ಹೋಗಿದ್ದ. ಯಾವುದೋ ತಿರುವಿನಲ್ಲಿ ಅವನನ್ನು ದಾಟಿಯೇ ಬಂದಿರಬೇಕು.

ಅವನ ಹತ್ತಿರ ಕೀಲಿ ಇದ್ದಿರಬಹುದು. ಹಳೆಯ ಕೀಲಿ. ಕಳೆದ ವರ್ಷ, ಇನ್ನು ಕಾಯುವುದಿಲ್ಲವೆಂದು ಗಟ್ಟಿ ಮನಸ್ಸು ಮಾಡಿದ ದಿನ, ಅವಳೇ ಬೀಗ ಬದಲಾಯಿಸಿದ್ದಳು.

ಕೆಳಗಿನ ಮನೆಯ ಒಡತಿಗೆ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ಕೊನೆಗೆ ದನಿ ಕೇಳಿತು.

"ಹಾಂ, ಹೇಳಮ್ಮ. ನಾನೇ ಮಾಡ್ಬೇಕು ಅಂತಿದ್ದೆ. ಈಗ ಸ್ವಲ್ಪ ಮುಂಚೆ ನಿಮ್ಮ ಮನೆಯೋರು ಬಂದ್ರಲ್ಲ!"

ಇನ್‌ಸ್ಪೆಕ್ಟರ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಮೊದಲು ಗುರುತೇ ಸಿಗ್ಲಿಲ್ಲ ನೋಡಿ, ಗಡ್ಡ ಬಿಟ್ಟು... ಬೇಜಾರು ಮಾಡ್ಕೋಬೇಡಿ, ಕುಡಿದಿದಾರೇನೋ ಅನ್ಸ್ತು. ಜೊತೇಲಿದ್ದೋರು ಹೆಗಲು ಕೊಟ್ಟು ಮೆಟ್ಟಿಲು ಹತ್ತಿಸ್ತಿದ್ರು."

"ಜೊತೇಲಿ ಯಾರು?"

"ಬೆನ್ನಷ್ಟೇ ಕಂಡದ್ದು. ಆಗ್ಲೇ ಇಳಿದು ಹೋದ್ರಲ್ಲ."

"ಒಬ್ಬರೇ?"

"ಒಬ್ಬರೇ. ನಿಮ್ಮ ಮನೆಯೋರು ಮೇಲೇ ಇದಾರೆ."

ಜೀಪು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ರೇಡಿಯೊ ಹಾರನ್ ಒತ್ತಿ ಹಿಡಿದ. ಅವಳ ಕೈಗಳು ಇಲ್ಲಿದ್ದವು, ಅವನು ಅಲ್ಲಿದ್ದ. ನಡುವೆ ಇದ್ದದ್ದು ಒಂದು ಫೋನು ಮತ್ತು ಬೇರೊಬ್ಬರ ಕೈ.

"ಅಮ್ಮಾ, ಗಾಬರಿ ಆಗ್ಬೇಡಿ. ಅವರು ಕುಡಿದಿಲ್ಲ. ಗಾಯ ಆಗಿದೆ. ಒಗೆದ ಬಟ್ಟೆ ಎಷ್ಟು ಸಿಗತ್ತೋ ಅಷ್ಟು ತಗೊಂಡು ಮೇಲೆ ಹೋಗಿ. ಫೋನ್ ಇಡ್ಬೇಡಿ. ನಾನು ಹೇಳ್ತಾ ಹೋಗ್ತೀನಿ, ನೀವು ಮಾಡಿ."

"ಅಯ್ಯೋ ದೇವ್ರೇ. ರಕ್ತ ಕಂಡ್ರೆ ನಂಗೆ ತಲೆ ಸುತ್ತತ್ತಮ್ಮ."

"ಸುತ್ತಿದ್ರೆ ಕೂತ್ಕೊಂಡು ಒತ್ತಿ. ರಕ್ತ ಬರೋ ಜಾಗದ ಮೇಲೆ ಬಟ್ಟೆ ಇಟ್ಟು, ಎರಡೂ ಕೈಯಿಂದ, ಮೈಭಾರ ಹಾಕಿ. ನೆನೆದ್ರೆ ಅದರ ಮೇಲೇ ಇನ್ನೊಂದು. ನಿಂತಿದೆಯಾ ಅಂತ ಎತ್ತಿ ನೋಡ್ಬೇಡಿ. ಕುಡಿಯಕ್ಕೆ ಏನೂ ಕೊಡ್ಬೇಡಿ, ಕೇಳಿದ್ರೂ. ಮಾತಾಡಿಸ್ತಾ ಇರಿ."

"ಏನಂತ ಮಾತಾಡಿಸ್ಲಿ?"

ಮೂರು ವರ್ಷ ಕೂಡಿಟ್ಟ ಮಾತುಗಳೆಲ್ಲ ಬಾಗಿಲಿಗೆ ಬಂದು ನೂಕಾಡಿದವು.

"ನಾನು ಬರ್ತಿದೀನಿ ಅಂತ ಹೇಳಿ. ನಗಲ್ಲ ಅಂತ ಹೇಳಿ."

ಅತ್ತ ಕಡೆ ಮೆಟ್ಟಿಲು ಹತ್ತುವ ಸದ್ದು, ಏದುಸಿರು. ಹಳೆಯ ಮೆಟ್ಟಿಲು, ಕಡಿದಾದದ್ದು, ಆ ಮನೆಗೆ ಹತ್ತಿ ಇಳಿಯಲು ಇರುವುದು ಅದೊಂದೇ.

"ಬೀಗ ಮುರಿದು ಬಿದ್ದಿದೆಯಮ್ಮ. ಬಾಗಿಲು ತೆರೆದಿದೆ."

"ಒಳಗೆ ಹೋಗಿ."

ಹೆಜ್ಜೆಗಳು. ಕುರ್ಚಿ ಸರಿದ ಸದ್ದು. "ಏನ್ರೀ..." ಎಂದು ಒಡತಿ ಮೆಲ್ಲಗೆ ಕರೆದದ್ದು ಕೇಳಿಸಿತು. ಮತ್ತೆ ಹೆಜ್ಜೆಗಳು. ಆಮೇಲೆ ಏನೂ ಇಲ್ಲ. ಆ ಮನೆಯ ಮೌನವನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು.

"ಅಮ್ಮಾ? ಸಿಕ್ಕಿದ್ರಾ?"

"ಇಲ್ಲಿ ಯಾರೂ ಇಲ್ವಲ್ಲಮ್ಮ."

"ಮಲಗೋ ಕೋಣೆ ನೋಡಿ. ಮಂಚದ ಆ ಕಡೆ. ಬಚ್ಚಲು."

"ಎಲ್ಲಾ ನೋಡ್ದೆ. ಯಾರೂ ಇಲ್ಲ. ಇಬ್ರು ಹತ್ತಿದ್ದನ್ನ ಕಣ್ಣಾರೆ ನೋಡಿದೀನಿ, ಆಗಿಂದ ಮೆಟ್ಟಿಲ ಮುಂದೇ ಕೂತಿದೀನಿ, ಇಳಿದದ್ದು ಒಬ್ಬರೇ..." ಒಡತಿಯ ದನಿ ಸಣ್ಣಗಾಯಿತು. "ರಕ್ತಾನೂ ಇಲ್ಲಮ್ಮ, ಒಂದು ಹನಿ ಇಲ್ಲ. ನೆಲ ಮಾತ್ರ ಒದ್ದೆ. ಈಗಷ್ಟೇ ಯಾರೋ ಒರೆಸಿದ ಹಾಗೆ."